ಚಳಿ ಬಿದ್ದರೂ ಆರ್ಕಿಡ್ ಯಾಕೆ ಹೂ ಬಿಡಲ್ಲ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಡೇರೆ, ದಾಸವಾಳ, ಆಂಥೂರಿಯಂ ಸಾಲಿಗೆ ಈಗ ನರ್ಸರಿಯಿಂದ ತಂದ ಫಲೇನಾಪ್ಸಿಸ್ ಆರ್ಕಿಡ್ ಕೂಡ ಸೇರಿಕೊಂಡಿದೆ. ತಂದಾಗ ದಂಟಿನ ತುಂಬ ಹೂ. ಬಾಡಿದ ಮೇಲೆ ಎರಡು ವರ್ಷವಾದರೂ ಬರೀ ಎಲೆ. ಆಯಿ ಗೊಬ್ಬರ ಬದಲಿಸುತ್ತಾರೆ, ಕುಂಡ ಬದಲಿಸುತ್ತಾರೆ, ಕೊನೆಗೆ "ಇದು ನಮ್ಮ ಹವೆಗೆ ಆಗೋದಲ್ಲ" ಅಂತ ಕೈಬಿಡುತ್ತಾರೆ. ಎಷ್ಟೋ ಸಲ ಗಿಡ ಚೆನ್ನಾಗಿಯೇ ಇರುತ್ತದೆ, ಹೂ ಬಿಡಲು ಬೇಕಾದ ಸೂಚನೆ ಮಾತ್ರ ಸಿಕ್ಕಿರುವುದಿಲ್ಲ. ಆ ಸೂಚನೆಯೇ ತಂಪು.

ರಾತ್ರಿಯ ತಂಪಾ, ಹಗಲಿನದಾ?

"ರಾತ್ರಿ ಚಳಿ ತಾಗಿದರೆ ಆರ್ಕಿಡ್ ಹೂ ಬಿಡುತ್ತದೆ" ಅನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಹಾಗಾದರೆ ಘಟ್ಟದ ಮೇಲಿನ ನಮ್ಮೂರುಗಳಲ್ಲಿ ತೊಂದರೆಯೇ ಇರಬಾರದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರಿಗೆ 6.5 ಡಿಗ್ರಿಯಂತೆ ಲೆಕ್ಕ ಹಾಕಿದರೆ ಕರಾವಳಿಗಿಂತ ಹೆಚ್ಚುಕಡಿಮೆ 4 ಡಿಗ್ರಿ ತಂಪು. ಆದರೂ ಹೂವಿಲ್ಲ!

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಲಾಂಚರ್ಡ್ ಮತ್ತು ರಂಕಲ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಹಗಲು 29, ರಾತ್ರಿ 17 ಡಿಗ್ರಿಯಲ್ಲಿ ಬೆಳೆಸಿದ ಫಲೇನಾಪ್ಸಿಸ್ ಗಿಡಗಳಲ್ಲಿ 20 ವಾರವಾದರೂ ಹೂದಂಟು ಬರಲಿಲ್ಲ. ಹಗಲು 23, ರಾತ್ರಿ 17 ಇಟ್ಟಾಗ ಹೆಚ್ಚಿನ ಗಿಡಗಳಲ್ಲಿ ಬಂತು. ರಾತ್ರಿ ಎರಡರಲ್ಲೂ ಒಂದೇ. ವ್ಯತ್ಯಾಸ ಇದ್ದದ್ದು ಹಗಲಿನಲ್ಲಿ.

ಈಗ ನಮ್ಮೂರಿನ ಕ್ಯಾಲೆಂಡರ್ ನೋಡೋಣ. ಜನವರಿಯಲ್ಲಿ ಬೆಳಗಿನ ಜಾವ ಕಂಬಳಿ ಬೇಕು, ಆದರೆ ಮಧ್ಯಾಹ್ನ 29-30 ಡಿಗ್ರಿ ಮಾಮೂಲು. ಜುಲೈ-ಆಗಸ್ಟಿನಲ್ಲಿ ಹಗಲೂ 25ರ ಆಸುಪಾಸಿನಲ್ಲೇ ಇರುತ್ತದೆ, ಆದರೆ ಮೋಡ ಕವಿದು ಬೆಳಕಿಲ್ಲ. ಬೆಳಕು ತೀರಾ ಕಡಿಮೆಯಾದರೂ ದಂಟು ಬರಲ್ಲ. ಅಂದರೆ ಮಳೆಗಾಲದಲ್ಲಿ ತಂಪಿದೆ, ಬೆಳಕಿಲ್ಲ. ಚಳಿಗಾಲದಲ್ಲಿ ಬೆಳಕಿದೆ, ಹಗಲಿನ ತಂಪಿಲ್ಲ.

ಏನು ಮಾಡಬಹುದು?

ಮಳೆಗಾಲದಲ್ಲಿ ಕುಂಡವನ್ನು ಕತ್ತಲೆ ಜಗಲಿಯಿಂದ ತೆಗೆದು, ಮಳೆ ನೇರ ಬೀಳದ, ಬೆಳಕಿರುವ ಮಾಡಿನಂಚಿಗೆ ತನ್ನಿ. ಚಳಿಗಾಲದಲ್ಲಿ ತಗಡಿನ ಶೀಟಿನ ಕೆಳಗೆ, ಅಡಿಕೆ ಒಣಗಿಸುವ ಅಂಗಳದ ಪಕ್ಕ ಇಡಬೇಡಿ. ತೋಟದಂಚಿನ ಚದುರಿದ ನೆರಳು ಒಳ್ಳೆಯದು. ಸುತ್ತ ಒದ್ದೆ ಗೋಣಿಚೀಲ ಕಟ್ಟಿದರೆ ಒಣಗಾಳಿಯ ದಿನಗಳಲ್ಲಿ ನೀರು ಆವಿಯಾಗುತ್ತ ಗಾಳಿಯನ್ನು ತಂಪಾಗಿಸುತ್ತದೆ. ಹಗಲನ್ನು 25ರ ಒಳಗೆ ಕೆಲವು ವಾರ ಹಿಡಿದಿಡುವುದು ಗುರಿ. ರಾತ್ರಿ 15ಕ್ಕಿಂತ ಕೆಳಗಿಳಿದರೆ ಒಳಗಿಡಿ. ದಂಟು ಬಂದ ಮೇಲೂ ಬಿಸಿಗೆ ಒಡ್ಡಬೇಡಿ, ಮೊಗ್ಗು ಉದುರಬಹುದು.

ಅಳೆಯದೆ ಇದೆಲ್ಲ ಬರೀ ಅಂದಾಜು. ಇಲ್ಲಿ ನಮ್ಮ ಓದು ಉಪಯೋಗಕ್ಕೆ ಬರುತ್ತದೆ. ಲ್ಯಾಬಿನಲ್ಲಿ ಸುಲಭಕ್ಕೆ ಸಿಗುವ ಡಿಎಚ್‌ಟಿ11 ಸೆನ್ಸರ್‌ನ ನಿಖರತೆ ±2 ಡಿಗ್ರಿ. ನಾವು ಹುಡುಕುತ್ತಿರುವುದು 25ಕ್ಕೂ 29ಕ್ಕೂ ಇರುವ ವ್ಯತ್ಯಾಸ. 27 ಅಂತ ತೋರಿಸಿದರೆ ನಿಜವಾಗಿ 25 ಇರಬಹುದು, 29 ಕೂಡ ಇರಬಹುದು! ±0.5 ಡಿಗ್ರಿಯ ಡಿಎಸ್18ಬಿ20 ಬಳಸಿ, ಬಿಸಿಲು ತಾಗದಂತೆ ಎಲೆಯ ಮಟ್ಟದಲ್ಲಿ ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ದಾಖಲಿಸಿ. ಒಂದೇ ಮನೆಯ ಜಗಲಿ, ಬಾವಿಕಟ್ಟೆ, ತೋಟದಂಚು ಮೂರನ್ನೂ ಹೋಲಿಸಿ.

ಎಲ್ಲ ಆರ್ಕಿಡ್‌ಗೂ ಇದೇ ಸೂತ್ರ ಅಲ್ಲ

ಡೆಂಡ್ರೋಬಿಯಂ ನೊಬೈಲ್ ಜಾತಿಗೆ 10-15 ಡಿಗ್ರಿಯ ಚಳಿ ವಾರಗಟ್ಟಲೆ ಬೇಕು. ನಮ್ಮ ಬೆಟ್ಟದ ಮರಗಳ ಮೇಲಿನ ಸೀತಾಳಿ ದಂಡೆ ಮಾತ್ರ ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ತನ್ನಷ್ಟಕ್ಕೆ ಅರಳುತ್ತದೆ. ಅದಕ್ಕೆ ನಮ್ಮ ಸೆನ್ಸರೂ ಬೇಡ, ಗೋಣಿಚೀಲವೂ ಬೇಡ. ಮರದಿಂದ ಕಿತ್ತು ತಂದು ಕುಂಡಕ್ಕೆ ಹಾಕದಿದ್ದರೆ ಸಾಕು.

ಮುಂದಿನ ರಜೆಗೆ ಊರಿಗೆ ಹೋಗುವವರು ಒಂದು ಸೆನ್ಸರ್ ಜೊತೆಗೆ ಒಯ್ಯಿರಿ. ಗೊಬ್ಬರಕ್ಕೆ ಮತ್ತೆ ದುಡ್ಡು ಸುರಿಯುವ ಮೊದಲು, ಆ ಕುಂಡ ಇರುವ ಜಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಎಷ್ಟು ಡಿಗ್ರಿ ಇದೆ ಅಂತ ಆಯಿಗೆ ತೋರಿಸಿ.