ಎಳೆದರೆ ಸಾಲದು, ತಳ್ಳಬೇಕು: ಮನೆಯಲ್ಲೇ ವಿದ್ಯುದಾವೇಶದ ಪರೀಕ್ಷೆ

ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಹಾರಿ ಬಂದು ಅಂಟುವುದನ್ನು ನೋಡದೆ ಶಾಲೆ ದಾಟಿದವರು ಕಡಿಮೆ. ಆದರೆ ಆ ಚೂರಿನಲ್ಲಿ ಆವೇಶವೇ ಇರಲಿಲ್ಲ, ಆದರೂ ಅದು ಬಂತು. ಹಾಗಿದ್ದ ಮೇಲೆ ಒಂದು ವಸ್ತುವಿನಲ್ಲಿ ಆವೇಶ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಹೇಗೆ? ಒಂದು ಸುರುಳಿ ಸೆಲ್ಲೋ ಟೇಪ್, ಒಂದು ತುಂಡು ಪಿವಿಸಿ ಪೈಪು, ಒಂದು ಖಾಲಿ ಗಾಜಿನ ಬಾಟಲಿ ಇದ್ದರೆ ಭಾನುವಾರದ ಒಂದು ಗಂಟೆಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ.

ಮೊದಲು ಹವೆ ನೋಡಿಕೊಳ್ಳಿ

ಹವೆ ಒಣಗಿರಬೇಕು. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ಪ್ರಯೋಗಗಳು ಸಲೀಸಾಗಿ ಆಗುತ್ತವೆ. ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ, ವಸ್ತುಗಳ ಮೇಲೆ ತೇವದ ತೆಳು ಪದರ ಕೂತು ಆವೇಶ ಸೋರಿಹೋಗುತ್ತದೆ. ಅಂಥಲ್ಲಿ ಸಾಮಾನುಗಳನ್ನೆಲ್ಲ ಒಂದು ತಾಸು ಬಿಸಿಲಿಗಿಟ್ಟು ಶುರುಮಾಡಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಬಾಚಣಿಗೆ ಉಜ್ಜಿಯೂ ಪ್ರಯೋಜನವಿಲ್ಲ. ಬಾಚಣಿಗೆಗಿಂತ ವೈರಿಂಗ್‌ನವರು ಬಳಸುವ ಪಿವಿಸಿ ಪೈಪಿನ ಒಂದಡಿ ತುಂಡು ಮೇಲು. ಅದನ್ನು ಉಣ್ಣೆಯ ಬಟ್ಟೆ ಅಥವಾ ಕಂಬಳಿಯಿಂದ ಹತ್ತಿಪ್ಪತ್ತು ಸಲ ಜೋರಾಗಿ ಉಜ್ಜಿ. ಉಣ್ಣೆಯಲ್ಲಿದ್ದ ಎಲೆಕ್ಟ್ರಾನ್‌ಗಳು ಪೈಪಿಗೆ ದಾಟುತ್ತವೆ. ಪೈಪು ಋಣ ಆವೇಶ ಪಡೆಯುತ್ತದೆ, ಉಣ್ಣೆ ಧನ ಆವೇಶ ಪಡೆಯುತ್ತದೆ. ಉಜ್ಜಿದ್ದರಿಂದ ಆವೇಶ ಹೊಸದಾಗಿ ಹುಟ್ಟಲಿಲ್ಲ. ಪೈಪಿಗೆ ಎಷ್ಟು ಬಂತೋ ಉಣ್ಣೆಯಲ್ಲಿ ಅಷ್ಟೇ ಕಡಿಮೆಯಾಗಿದೆ.

ಟೇಪ್ ಪಟ್ಟಿಗಳ ಪರೀಕ್ಷೆ

ಮೇಜಿನ ಮೇಲೆ ಉದ್ದನೆಯ ಒಂದು ಟೇಪ್ ಅಂಟಿಸಿಬಿಡಿ, ಅದು ಅಲ್ಲೇ ಇರಲಿ. ಸುಮಾರು 15 ಸೆಂ.ಮೀ. ಉದ್ದದ ಇನ್ನೆರಡು ಪಟ್ಟಿ ಕತ್ತರಿಸಿ, ಹಿಡಿಯಲು ಒಂದು ತುದಿ ಮಡಚಿಕೊಂಡು, ಆ ತಳದ ಟೇಪಿನ ಮೇಲೆ ಒಂದರ ಮುಂದೊಂದು ಅಂಟಿಸಿ. ಈಗ ಎರಡನ್ನೂ ಚರ್ರನೆ ಕಿತ್ತು, ಒಂದೊಂದು ಕೈಯಲ್ಲಿ ಇಳಿಬಿಟ್ಟು ಹತ್ತಿರ ತನ್ನಿ. ಅಂಟು ಇಲ್ಲದ ಬೆನ್ನುಗಳು ಎದುರುಬದುರಾಗಿರಲಿ. ಕೆಳತುದಿಗಳು ಒಂದನ್ನೊಂದು ಸೇರದೆ ಆಚೀಚೆ ಬಾಗುತ್ತವೆ. ಎರಡೂ ಒಂದೇ ರೀತಿ ಕಿತ್ತು ಬಂದವು, ಹಾಗಾಗಿ ಎರಡರಲ್ಲೂ ಒಂದೇ ಬಗೆಯ ಆವೇಶವಿದೆ. ಇದು ವಿಕರ್ಷಣೆ.

ಮತ್ತೆ ಹೊಸ ಎರಡು ಪಟ್ಟಿ ತೆಗೆದುಕೊಳ್ಳಿ. ಈ ಸಲ ತಳದ ಟೇಪಿನ ಮೇಲೆ ಒಂದು, ಅದರ ಮೇಲೆ ಇನ್ನೊಂದು. ಜೋಡಿಯನ್ನು ಒಟ್ಟಿಗೇ ನಿಧಾನವಾಗಿ ಬಿಡಿಸಿ, ಉದ್ದಕ್ಕೂ ಒಮ್ಮೆ ಬೆರಳಾಡಿಸಿ. ಒಟ್ಟಾರೆ ಆವೇಶವೇನಾದರೂ ಉಳಿದಿದ್ದರೆ ಕೈ ಮೂಲಕ ಹೋಗುತ್ತದೆ. ಆಮೇಲೆ ಎರಡನ್ನೂ ಬೇರೆ ಮಾಡಿ ಹತ್ತಿರ ತಂದರೆ ಪಟ್ಟನೆ ಅಂಟಿಕೊಳ್ಳುತ್ತವೆ. ಒಂದು ಧನ, ಒಂದು ಋಣ. ಯಾವುದು ಯಾವುದೆಂದು ತಿಳಿಯಬೇಕೇ? ಉಜ್ಜಿದ ಪೈಪನ್ನು ಹತ್ತಿರ ಹಿಡಿಯಿರಿ. ಪೈಪಿನಿಂದ ದೂರ ಸರಿಯುವುದೇ ಋಣ.

ಇನ್ನೊಂದು ಕೆಲಸ ತಪ್ಪದೆ ಮಾಡಿ. ಯಾವುದಾದರೂ ಒಂದು ಪಟ್ಟಿಗೆ ನಿಮ್ಮ ಬರಿಬೆರಳು ತೋರಿಸಿ. ಅದು ಬೆರಳಿನ ಕಡೆಗೂ ಬಾಗುತ್ತದೆ! ಬೆರಳಿನಲ್ಲಿ ಒಟ್ಟಾರೆ ಆವೇಶವಿಲ್ಲ. ಆದರೆ ಪಟ್ಟಿ ಹತ್ತಿರ ಬಂದಾಗ ಬೆರಳಿನೊಳಗಿನ ಆವೇಶಗಳು ಜಾಗ ಬದಲಿಸುತ್ತವೆ, ವಿರುದ್ಧ ಬಗೆಯದು ಪಟ್ಟಿಯ ಕಡೆಗೆ ಸರಿಯುತ್ತದೆ. ಹತ್ತಿರದ್ದರ ಸೆಳೆತ ಹೆಚ್ಚು, ದೂರದ್ದರ ತಳ್ಳುವಿಕೆ ಕಡಿಮೆ. ಒಟ್ಟು ಫಲ ಆಕರ್ಷಣೆ. ಕಾಗದದ ಚೂರು ಬಾಚಣಿಗೆಗೆ ಹಾರಿದ್ದೂ ಹೀಗೆಯೇ. ಆದ್ದರಿಂದ ಎರಡು ವಸ್ತು ಎಳೆದುಕೊಂಡವು ಎಂದ ಮಾತ್ರಕ್ಕೆ ಎರಡರಲ್ಲೂ ಆವೇಶ ಇದೆ ಎನ್ನುವಂತಿಲ್ಲ. ತಳ್ಳಿಕೊಂಡರೆ ಮಾತ್ರ ಅನುಮಾನವಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ ಎಂಬುದು ನನ್ನ ಅನಿಸಿಕೆ.

ಆವೇಶ ಎರಡು ಬಗೆ ಎಂದು ಫ್ರಾನ್ಸಿನ ದು ಫೇ 1733ರಲ್ಲಿ ಕಂಡುಕೊಂಡದ್ದೂ ಗಾಜು, ರಾಳಗಳನ್ನು ಉಜ್ಜಿ ಯಾವುದು ತಳ್ಳುತ್ತದೆ, ಯಾವುದು ಎಳೆಯುತ್ತದೆ ಎಂದು ನೋಡಿಯೇ. ಧನ, ಋಣ ಎಂಬ ಹೆಸರು ಬೆಂಜಮಿನ್ ಫ್ರಾಂಕ್ಲಿನ್‌ರಿಂದ ಬಂತು. ರೇಷ್ಮೆಯಿಂದ ಉಜ್ಜಿದ ಗಾಜಿನದು ಧನ ಎಂದಾಯಿತು.

ಬಾಟಲಿಯಲ್ಲಿ ವಿದ್ಯುದ್ದರ್ಶಕ

ಒಣಗಿದ ಗಾಜಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಮಾಡಿ, ಸಿಪ್ಪೆ ಸುಲಿದ ದಪ್ಪ ತಾಮ್ರದ ತಂತಿ ತೂರಿಸಿ. ಕೆಳತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ 3 ಸೆಂ.ಮೀ. ಉದ್ದದ ಎರಡು ಎಳೆಗಳನ್ನು ಜೊತೆಯಾಗಿ ನೇತುಹಾಕಿ. ಮೇಲ್ತುದಿಗೆ ಫಾಯಿಲ್ ಉಂಡೆ ಸಿಕ್ಕಿಸಿ. ಅಬ್ರಹಾಂ ಬೆನೆಟ್ 1787ರಲ್ಲಿ ಚಿನ್ನದ ತೆಳು ಹಾಳೆಯಿಂದ ಮಾಡಿದ ಸಾಧನದ ಬಡ ತಮ್ಮ ಇದು.

ಉಜ್ಜಿದ ಪೈಪನ್ನು ಉಂಡೆಯ ಹತ್ತಿರ ತನ್ನಿ, ಮುಟ್ಟಿಸಬೇಡಿ. ಎಳೆಗಳು ಬಿರಿಯುತ್ತವೆ. ಪೈಪು ಅಲ್ಲೇ ಇರುವಾಗ ಉಂಡೆಯನ್ನು ಬೆರಳಿನಿಂದ ಮುಟ್ಟಿ. ಎಲೆಕ್ಟ್ರಾನ್‌ಗಳು ನಿಮ್ಮ ಮೈಮೂಲಕ ಇಳಿದು ಎಳೆಗಳು ಮುಚ್ಚುತ್ತವೆ. ಮೊದಲು ಬೆರಳು ತೆಗೆಯಿರಿ, ಆಮೇಲೆ ಪೈಪು. ಈ ಕ್ರಮ ತಪ್ಪಿದರೆ ಪ್ರಯೋಗ ಕೆಟ್ಟಿತು. ಸರಿಯಾಗಿ ಮಾಡಿದ್ದರೆ ಎಳೆಗಳು ಮತ್ತೆ ಬಿರಿದು ನಿಲ್ಲುತ್ತವೆ, ಈಗ ಅವುಗಳಲ್ಲಿರುವುದು ಧನ ಆವೇಶ. ಪೈಪನ್ನು ಮತ್ತೆ ನಿಧಾನವಾಗಿ ಹತ್ತಿರ ತಂದರೆ ಮೊದಲು ಕುಗ್ಗುತ್ತವೆ, ಅದೇ ಪುರಾವೆ.

ಎರಡು ಆವೇಶಗಳ ನಡುವಿನ ಅಂತರ ಅರ್ಧವಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂದು ಕೂಲಮ್ 1785ರಲ್ಲಿ ಅಳೆದು ತೋರಿಸಿದರು. ಅವರ ಹೆಸರಿನ ಮಾನ ಬಹಳ ದೊಡ್ಡದು. ಒಂದೊಂದು ಕೂಲಮ್ ಆವೇಶದ ಎರಡು ವಸ್ತುಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ನಡುವಿನ ಬಲ ಸುಮಾರು 900 ಕೋಟಿ ನ್ಯೂಟನ್. ನಿಮ್ಮ ಪೈಪಿನಲ್ಲಿರುವುದು ಅದರ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಚಿಟಪಟ ಎಂದರೂ ಮಕ್ಕಳು ಹೆದರಬೇಕಿಲ್ಲ.

ಗೋಡೆಯ ಸಾಕೆಟ್ಟಿನ ವಿಷಯ ಹಾಗಲ್ಲ. ಅಲ್ಲಿ ಹಿಂದೆ ಇಡೀ ವಿದ್ಯುತ್ ಜಾಲವೇ ಇದೆ, ಆವೇಶ ಬರುತ್ತಲೇ ಇರುತ್ತದೆ. ಬಾಟಲಿಯ ತಂತಿಯನ್ನು ಪ್ಲಗ್ಗಿಗಾಗಲಿ, ಇನ್ವರ್ಟರಿಗಾಗಲಿ ಯಾರೂ ತೋರಿಸಬಾರದು. ಪ್ರಯೋಗಕ್ಕೆ ಕೂರುವ ಮೊದಲೇ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.