ಅರ್ಜಿ ನೀವೇ ಬರೆಯಿರಿ

ಯಾದಗಿರಿ ಜಿಲ್ಲೆಯ ಅಬ್ಬೆತುಮಕೂರಿನ ಕಡೆಯಿಂದ ವಿದೇಶಿ ಸರ್ಕಾರಗಳ ಫೆಲೋಶಿಪ್‌ಗೆ ಪ್ರಯತ್ನಿಸುವ ಮೇಷ್ಟ್ರು, ನರ್ಸಮ್ಮಂದಿರೇ, ಅರ್ಜಿಯನ್ನು ಏಜೆಂಟರ ಕೈಗೆ ಕೊಡಬೇಡಿ. ಬ್ರಿಟನ್ ಸರ್ಕಾರ 1983ರಿಂದ ಕೊಡುತ್ತಿರುವ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಶುಲ್ಕವೇ ಇಲ್ಲ. ಪದವಿಯ ಜತೆಗೆ ಅದು ಕೇಳುವುದು 2,800 ಗಂಟೆಗಳ ಕೆಲಸದ ಅನುಭವ. ಅಂದಮೇಲೆ ಏಜೆಂಟರು ಬರೆದುಕೊಡುವ, ಎಲ್ಲರಿಗೂ ಹೊಂದುವ ಸಿದ್ಧ ಪ್ರಬಂಧದಿಂದ ಏನು ಪ್ರಯೋಜನ? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಇಂಥ ಜಿಲ್ಲೆಯಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದ ಹುಡುಗಿಯನ್ನು ಶಾಲೆಗೆ ಮರಳಿ ಕರೆತಂದಿದ್ದರೆ, ಅವಳ ಅಪ್ಪ ಅವ್ವನನ್ನು ಹೇಗೆ ಒಪ್ಪಿಸಿದಿರಿ ಎಂಬುದನ್ನೇ ಬರೆಯಿರಿ.

ಇಂಗ್ಲಿಷ್ ಸಾಲದು ಅನ್ನುತ್ತೀರಾ? ವ್ಯಾಕರಣವನ್ನು ಬಲ್ಲವರು ತಿದ್ದಿಯಾರು, ನಿಮ್ಮ ಅನುಭವವನ್ನು ಬೇರೆಯವರು ಬರೆಯಲಾರರು. ಚೀವ್ನಿಂಗ್‌ಗೆ, ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲೇ ಇರಬೇಕೆಂಬ ಷರತ್ತೂ ಇದೆ. ಮನೆಯವರಿಗೆ ಈಗಲೇ ಹೇಳಿಬಿಡಿ.