ಕಡಲಗಾಳಿ, ತುಕ್ಕು ಮತ್ತು ಬೈಕಿನ ಬ್ರೇಕು

ಪ್ರಶ್ನೆ: ನಮ್ಮದು ಕುಮಟಾ. ಮಳೆಗಾಲ ಮುಗಿದಾಗಿನಿಂದ ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಹಿಡಿದುಕೊಳ್ಳುತ್ತಿದೆ. ತಳ್ಳಿದರೆ ಭಾರ. ಹೊಸ ಪ್ಯಾಡ್ ಹಾಕಿಸಿದೆ. ಕೆಲವೇ ತಿಂಗಳಲ್ಲಿ ಒಂದು ಪೂರ್ತಿ ಸವೆದಿದೆ, ಇನ್ನೊಂದು ಹೊಸದರಂತೆಯೇ ಇದೆ. ಬೇರೆ ಕಂಪನಿಯ ಪ್ಯಾಡ್ ಹಾಕಿಸಲೇ?

ಉತ್ತರ: ಬೇಡ, ಪ್ಯಾಡಿನದೇನೂ ತಪ್ಪಿಲ್ಲ. ನಮ್ಮಲ್ಲಿನ ಹೆಚ್ಚಿನ ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಬದಿಗಿರುತ್ತದೆ. ಅದು ತನ್ನ ಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಆಚೆ ಬದಿಯದನ್ನೂ ಎಳೆದು ತರಬೇಕು. ಪಿನ್ನಿಗೆ ತುಕ್ಕು ಹಿಡಿದರೆ ಜಾರುವುದಿಲ್ಲ. ಪಿಸ್ಟನ್ ಬದಿಯದೊಂದೇ ಸವೆಯುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಬ್ರೇಕ್ ಹಿಡಿದುಕೊಂಡಿರುವಾಗಲೇ ಮುಂದಿನ ಚಕ್ರ ಎತ್ತಿ, ಬ್ಲೀಡ್ ನಿಪ್ಪಲ್ ಒಂದಿಷ್ಟು ಸಡಿಲಿಸಿ. ಚಕ್ರ ತಟ್ಟನೆ ಸಡಿಲವಾದರೆ ಆಯಿಲ್ ವಾಪಸು ಹೋಗುತ್ತಿಲ್ಲವೆಂದು ಅರ್ಥ: ಮಾಸ್ಟರ್ ಸಿಲಿಂಡರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರ ಕಟ್ಟಿರಬಹುದು, ಇಲ್ಲವೇ ಹೋಸ್ ಒಳಗೇ ಊದಿರಬಹುದು. ಆಗಲೂ ಬಿಗಿಯಾಗಿಯೇ ಇದ್ದರೆ ರೋಗ ಕ್ಯಾಲಿಪರಿನಲ್ಲಿದೆ. ನಿಮ್ಮ ಪ್ಯಾಡಿನ ಸವೆತ ನೋಡಿದರೆ ಇದೇ ಇರಬೇಕು.

ಪಿನ್ ಎಳೆದು ನೋಡಿ. ರಬ್ಬರ್ ಬೂಟ್ ಹರಿದಿದ್ದರೆ ನೀರು ಒಳಹೊಕ್ಕು ಗ್ರೀಸ್ ಕಂದು ಕೆಸರಾಗಿರುತ್ತದೆ. ತೆಳು ತುಕ್ಕಾದರೆ 1000 ನಂಬರಿನ ವಾಟರ್ ಪೇಪರಿನಲ್ಲಿ ಹೋಗುತ್ತದೆ. ಗುಳಿ ಬಿದ್ದಿದ್ದರೆ ಪಿನ್ ಬದಲಿಸಿ. ಹಚ್ಚಬೇಕಾದ್ದು ಸಿಲಿಕೋನ್ ಗ್ರೀಸ್. ಬೇರಿಂಗ್ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತದೆ.

ಇನ್ನು ಪಿಸ್ಟನ್. ಲಿವರ್ ನಿಧಾನವಾಗಿ ಒತ್ತುತ್ತಾ ಹೊರತನ್ನಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಬೆರಳು ಜಜ್ಜೀತು. ಸೀಲ್ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗುಳಿಯಿದ್ದರೆ ಹೊಸದು ಹಾಕಿ. ಆದರೆ ನಿಜವಾದ ಕಳ್ಳ ಕೂತಿರುವುದು ಸೀಲಿನ ಹಿಂದಿನ ಗಾಡಿಯಲ್ಲಿ, ಅಂದರೆ ಸೀಲ್ ಕೂರುವ ಸಂದಿನಲ್ಲಿ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಿಳಿ ಪುಡಿಯಾಗಿ ಉಬ್ಬುತ್ತದೆ. ಆ ಪುಡಿ ಗಟ್ಟಿಯಾಗಿ ಸೀಲನ್ನು ಹಿಂದಿನಿಂದ ನೂಕಿ ಪಿಸ್ಟನ್ನಿನ ಕತ್ತು ಹಿಸುಕುತ್ತದೆ. ಸೀಲ್ ಕಿಟ್ ಹೊಸದು ಹಾಕಿದರೂ ಬ್ರೇಕ್ ಮತ್ತೆ ಹಿಡಿಯುವುದು ಬಹಳ ಸಲ ಈ ಸಂದನ್ನು ಕೆರೆಯದೆ ಬಿಟ್ಟದ್ದರಿಂದ. ಹಿತ್ತಾಳೆಯ ಅಥವಾ ಮರದ ಕಡ್ಡಿಯಿಂದ, ಲೋಹ ಗೀರದಂತೆ ತೆಗೆಯಿರಿ. ಸೀಲುಗಳಿಗೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಸೋಕಿಸಲೇಬಾರದು. ಜೋಡಿಸುವಾಗ ಹೊಸ ಬ್ರೇಕ್ ಆಯಿಲ್ ಸವರಿದರೆ ಸಾಕು.

ಆಯಿಲನ್ನೂ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ಒಳಗಿನ ತುಕ್ಕಿಗೆ ಅದೇ ಮೂಲ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಲಿವರ್ ಹತ್ತಿಯಂತೆ ಮೆತ್ತಗಾಗುತ್ತದೆ. ನೀವು ದೇವಿಮನೆ ಘಾಟಿ ಇಳಿಯುವವರು, ಎರಡು ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಪ್ರಶ್ನೆ: ಮಲ್ಪೆಯಿಂದ ಮೀನಿನ ಕ್ರೇಟ್ ಕಟ್ಟಿಕೊಂಡು ಊರೂರು ತಿರುಗುತ್ತೇನೆ. ಹಿಂದಿನದು ಡ್ರಮ್ ಬ್ರೇಕ್. ತುಳಿದ ಪೆಡಲ್ ಮೇಲೆ ಬರುವುದಿಲ್ಲ, ಕಾಲಲ್ಲೇ ಎತ್ತಬೇಕು. ಸ್ಪ್ರಿಂಗ್ ಬದಲಿಸಿದರೂ ಅಷ್ಟೇ.

ಉತ್ತರ: ಕ್ರೇಟಿನ ಉಪ್ಪುನೀರು ಬ್ರೇಕ್ ಪ್ಲೇಟಿನ ಮೇಲೆ ತೊಟ್ಟಿಕ್ಕುತ್ತಿರಬೇಕು. ಪ್ಲೇಟ್ ಅಲ್ಯೂಮಿನಿಯಂ, ಅದರೊಳಗೆ ತಿರುಗುವ ಕ್ಯಾಮ್ ಉಕ್ಕಿನದು. ಇವೆರಡರ ನಡುವೆ ಉಪ್ಪುನೀರು ಸೇರಿದರೆ ಬರೀ ಮಳೆನೀರಿಗಿಂತ ಎಷ್ಟೋ ಬೇಗ ತಿನ್ನುತ್ತದೆ. ಕ್ಯಾಮ್ ತಿರುಗದಿದ್ದರೆ ಎಂಥ ಸ್ಪ್ರಿಂಗಿನಿಂದಲೂ ಆಗದು.

ಲಿವರ್ ಮತ್ತು ಕ್ಯಾಮ್ ಮೇಲೆ ಗುರುತು ಹಾಕಿಕೊಂಡೇ ಬಿಚ್ಚಿ, ಒಂದು ಹಲ್ಲು ತಪ್ಪಿ ಕೂತರೂ ಹೊಂದಾಣಿಕೆ ಕೆಡುತ್ತದೆ. ಕ್ಯಾಮ್ ಉಜ್ಜಿ ನುಣುಪು ಮಾಡಿ, ತೆಳ್ಳಗೆ ಗ್ರೀಸ್ ಹಚ್ಚಿ. ಬ್ರೇಕ್ ಶೂಗೆ ಒಂದು ಕಣವೂ ಹತ್ತಬಾರದು. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ರೇಟಿನಡಿ ತಗಡಿನ ತಟ್ಟೆ ಕೂರಿಸಿ, ನೀರು ಚಕ್ರಕ್ಕೆ ಬೀಳದಂತೆ ಪೈಪ್ ಬಿಡಿ. ದಿನದ ಕೆಲಸ ಮುಗಿದೊಡನೆ ಸಿಹಿನೀರಲ್ಲಿ ತೊಳೆಯಿರಿ. ಅಷ್ಟು ಭಾರ ಹೊತ್ತ ಗಾಡಿ ನಿಲ್ಲಲಿಲ್ಲವೆಂದರೆ ಏನಾದೀತೆಂಬುದು ನಿಮಗೇ ಗೊತ್ತು. ಈ ಕೆಲಸ ಮುಂದೂಡಬೇಡಿ.

ಪ್ರಶ್ನೆ: ರಾತ್ರಿ ಮಳೆಯಲ್ಲಿ ನೆನೆದ ಡಿಸ್ಕ್ ಬೆಳಿಗ್ಗೆ ಕೆಂಪಗಾಗಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬಹುದೇ? (ಮಂಗಳೂರು)

ಉತ್ತರ: ಖಂಡಿತ ಕೂಡದು. ಆ ಸ್ಪ್ರೇಯಲ್ಲಿ ಎಣ್ಣೆಯಂಶವಿದೆ, ಪ್ಯಾಡ್ ಅದನ್ನು ಹೀರಿದರೆ ಬ್ರೇಕೇ ಹಿಡಿಯದು. ಈಗಾಗಲೇ ಹೊಡೆದಿದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಪ್ಯಾಡ್ ಬದಲಿಸಿ. ಮೇಲ್ಮೈಯ ಕೆಂಪು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ತಾನೇ ಹೋಗುತ್ತದೆ. ಹೋಗದೆ ಗುಳಿ ಉಳಿದಿದ್ದರೆ, ಅಥವಾ ದಪ್ಪ ಡಿಸ್ಕಿನ ಮೇಲೆಯೇ ಕೊರೆದಿರುವ ಕನಿಷ್ಠ ಅಳತೆಗಿಂತ ಇಳಿದಿದ್ದರೆ, ಹೊಸ ಡಿಸ್ಕ್ ಹಾಕಿಸಿ.